ತೆಗೆದರೂ ಮರಳಿ ಬರುವ ಕುತಂತ್ರಾಂಶ: ಮನೆಯ ಕಂಪ್ಯೂಟರನ್ನು ಬೇರುಸಹಿತ ಶುಚಿಗೊಳಿಸುವ ಕ್ರಮ

ಮೂಡಿಗೆರೆ ಕಡೆಯ ಒಂದು ತೋಟದ ಮನೆಯ ಕಂಪ್ಯೂಟರನ್ನು ಒಂದು ಮಳೆಗಾಲದಲ್ಲಿ ನಾನು ತಿಂಗಳೊಳಗೆ ಮೂರು ಸಲ ಶುಚಿಗೊಳಿಸಬೇಕಾಯಿತು. ಪ್ರತಿ ಸಲವೂ ಆ್ಯಂಟಿವೈರಸ್ ತಾನು ಕುತಂತ್ರಾಂಶವನ್ನು, ಅಂದರೆ ಕೇಡು ಮಾಡಲೆಂದೇ ಬರೆದ ಮಾಲ್‌ವೇರನ್ನು, ಹಿಡಿದು ಅಳಿಸಿದ್ದಾಗಿ ಹಸಿರು ಗುರುತು ತೋರಿಸುತ್ತಿತ್ತು. ಆದರೆ ವಾರ ತುಂಬುವುದರೊಳಗೆ ಬ್ರೌಸರ್ ತೆರೆದರೆ ಗೊತ್ತಿಲ್ಲದ ಹುಡುಕುಪುಟ ಬರುತ್ತಿತ್ತು, ಏನೂ ಕೆಲಸವಿಲ್ಲದಿದ್ದರೂ ಫ್ಯಾನು ಜೋರಾಗಿ ತಿರುಗುತ್ತಿತ್ತು, ಪೆನ್‌ಡ್ರೈವಿನಲ್ಲಿ ಫೋಲ್ಡರುಗಳಿದ್ದ ಜಾಗದಲ್ಲಿ ಶಾರ್ಟ್‌ಕಟ್‌ಗಳು ಕಾಣಿಸುತ್ತಿದ್ದವು. ಮೂರನೆಯ ಸಲ ಕಾರಣ ಸಿಕ್ಕಿತು, ಒಂದಲ್ಲ, ಎರಡು. ತೋಟದ ರೈಟರು (ಲೆಕ್ಕ ಬರೆಯುವ ಗುಮಾಸ್ತರು) ಪ್ರತಿ ಶನಿವಾರ ಆಳುಗಳ ಹಾಜರಿ, ಕೂಲಿಯ ಪಟ್ಟಿಯಾದ ಚೆಕ್‌ರೋಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಪೇಟೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಮುದ್ರಿಸಿ ತರುತ್ತಿದ್ದರು. ಅದೇ ಪೆನ್‌ಡ್ರೈವ್ ಮರಳಿ ಮನೆಯ ಕಂಪ್ಯೂಟರಿಗೆ ಸೇರುತ್ತಿತ್ತು. ಎರಡನೆಯದು ಇನ್ನೂ ಗಂಭೀರವಾಗಿತ್ತು: ಹಿಂದೆಂದೋ ಯಾರೋ ಲೆಕ್ಕಪತ್ರದ ತಂತ್ರಾಂಶವೊಂದರ ಕ್ರ್ಯಾಕ್ ಪ್ರತಿಯನ್ನು (ಪರವಾನಗಿಯ ಬೀಗ ಮುರಿದ ಕಳ್ಳಪ್ರತಿಯನ್ನು) ಹಾಕುವಾಗ, ಇಡೀ ಸಿ ಡ್ರೈವನ್ನು ಪರೀಕ್ಷಿಸಬೇಡ ಎಂದು ಆ್ಯಂಟಿವೈರಸ್‌ಗೆ ಹೇಳಿಟ್ಟಿದ್ದರು. ಹಾಗಾಗಿ ನಾನು ಮಾಡಿಸುತ್ತಿದ್ದ ಪರೀಕ್ಷೆಯೆಲ್ಲ ಮನೆಯ ಜಗಲಿಯನ್ನಷ್ಟೇ ಗುಡಿಸಿದಂತಾಗಿತ್ತು.

ಆಗ ನಾನು ಕಲಿತ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕುತಂತ್ರಾಂಶದ ಕಡತವನ್ನು ಅಳಿಸುವುದು ಈ ಕೆಲಸದಲ್ಲಿ ಸುಲಭವಾದ ಭಾಗ. ಅದನ್ನು ಮತ್ತೆ ಎಬ್ಬಿಸುವ ಏರ್ಪಾಡು ಎಲ್ಲಿದೆ, ಅದು ಮೊದಲಿಗೆ ಬಂದದ್ದು ಯಾವ ದಾರಿಯಿಂದ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಕೆಲಸ ಮುಗಿದಿಲ್ಲವೆಂದೇ ತಿಳಿಯಬೇಕು. ಇಲ್ಲಿನ ವಿವರಗಳು ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಸ್ತರಿತ ಭದ್ರತಾ ಯೋಜನೆಗೆ ನೋಂದಾಯಿಸಿಕೊಂಡ ಮನೆಬಳಕೆಯ ಕಂಪ್ಯೂಟರುಗಳಿಗೆ ಮಾತ್ರ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತಿದ್ದುಪಡಿಗಳು ಸಿಗುತ್ತವೆ. 2020ರ ಜನವರಿಯಲ್ಲೇ ಬೆಂಬಲ ಕಳೆದುಕೊಂಡ ವಿಂಡೋಸ್ 7 ಈಗಲೂ ನಿಮ್ಮ ಮನೆಯಲ್ಲಿದ್ದರೆ, ಅದನ್ನು ಶುಚಿಗೊಳಿಸುವುದರಲ್ಲಿ ದಿನ ಕಳೆಯದೆ ಬದಲಾಯಿಸುವುದೇ ಸರಿ.

ಮೊದಲು ಇದು ನಿಜವಾಗಿ ಕುತಂತ್ರಾಂಶವೇ ಎಂದು ನೋಡಿ

ನನ್ನನ್ನು ಕರೆಸುವ ಮನೆಗಳಲ್ಲಿ ಅನೇಕ ಸಲ ಕಾಣುವುದು ವೈರಸ್ ಅಲ್ಲ, ಬ್ರೌಸರಿನ ಅಧಿಸೂಚನೆ. ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್‌ಗಳಿವೆ, ತಕ್ಷಣ ಒತ್ತಿ’ ಎಂಬಂಥ ಎಚ್ಚರಿಕೆಗಳು ಒಂದರ ಮೇಲೊಂದು ಬರುತ್ತಿದ್ದರೆ, ಹಿಂದೆ ಯಾವುದೋ ಸಿನಿಮಾ ಇಳಿಸಿಕೊಳ್ಳುವ ಜಾಲತಾಣ ‘ಅಲೋ’ ಎಂಬ ಗುಂಡಿಯನ್ನು ಒತ್ತಿಸಿಕೊಂಡು ನಿಮ್ಮಿಂದ ಅನುಮತಿ ಪಡೆದಿದೆ ಎಂದರ್ಥ. ಕ್ರೋಮ್ ಅಥವಾ ಎಡ್ಜ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಸೈಟ್ ಅನುಮತಿಗಳಲ್ಲಿ ನೋಟಿಫಿಕೇಶನ್ಸ್ ಎಂಬುದನ್ನು ತೆರೆದು, ಅಲ್ಲಿ ಅನುಮತಿ ಪಡೆದಿರುವ ಅಪರಿಚಿತ ತಾಣಗಳನ್ನೆಲ್ಲ ತೆಗೆದುಹಾಕಿದರೆ ಆ ಹಾವಳಿ ಅಲ್ಲಿಗೇ ನಿಲ್ಲುತ್ತದೆ.

ಇನ್ನೊಂದು ಬಗೆಯಿದೆ. ಬ್ರೌಸರ್ ಇಡೀ ಪರದೆಯನ್ನು ಆವರಿಸಿ, ಕರ್ಕಶವಾಗಿ ಸದ್ದು ಮಾಡುತ್ತ, ಮೈಕ್ರೋಸಾಫ್ಟ್‌ನ ಹೆಸರಿನಲ್ಲಿ ಒಂದು ದೂರವಾಣಿ ಸಂಖ್ಯೆಯನ್ನು ತೋರಿಸುತ್ತದೆ. ಮೈಕ್ರೋಸಾಫ್ಟ್‌ನ ದೋಷ ಸೂಚನೆಗಳಲ್ಲಿ ದೂರವಾಣಿ ಸಂಖ್ಯೆ ಎಂದೂ ಇರುವುದಿಲ್ಲ. ಆ ಸಂಖ್ಯೆಗೆ ಕರೆ ಮಾಡಬೇಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು ಅಲ್ಲಿಂದ ಮುಚ್ಚಿ. ಮುಂದಿನ ಸಲ ಬ್ರೌಸರ್ ತೆರೆದಾಗ ಹಳೆಯ ಪುಟಗಳನ್ನು ಮರಳಿ ತರಲೇ ಎಂದು ಕೇಳಿದರೆ ಬೇಡವೆನ್ನಿ. ಮನೆಯಲ್ಲಿ ಹಿರಿಯರಿದ್ದರೆ ಈ ಒಂದು ವಿಷಯವನ್ನು ಬಿಡಿಸಿ ಹೇಳಿಡಿ. ಆ ಸಂಖ್ಯೆಗೆ ಕರೆ ಮಾಡಿ, ದೂರದಿಂದ ಕಂಪ್ಯೂಟರ್ ನಡೆಸುವ ತಂತ್ರಾಂಶವನ್ನು ಅವರು ಹೇಳಿದಂತೆ ಹಾಕಿಸಿಕೊಂಡಿದ್ದರೆ ಮಾತ್ರ ವಿಷಯ ಬೇರೆ: ಅದು ಕೇವಲ ಬೆದರಿಕೆಯ ಪುಟವಾಗಿ ಉಳಿಯಲಿಲ್ಲ, ಕೆಳಗಿನ ಎಲ್ಲ ಹೆಜ್ಜೆಗಳೂ ಬೇಕಾಗುತ್ತವೆ.

ನಿಜವಾದ ಸೋಂಕಿನ ಲಕ್ಷಣಗಳು ಬೇರೆ ತೆರ. ವಿಂಡೋಸ್ ಸೆಕ್ಯುರಿಟಿ ತೆರೆಯುವುದೇ ಇಲ್ಲ, ಅಥವಾ ತೆರೆದ ಕ್ಷಣ ಮುಚ್ಚಿಕೊಳ್ಳುತ್ತದೆ. ಆ್ಯಂಟಿವೈರಸ್ ಕಂಪನಿಗಳ ತಾಣಗಳು ಮಾತ್ರ ತೆರೆಯುವುದಿಲ್ಲ, ಮಿಕ್ಕವು ತೆರೆಯುತ್ತವೆ. ಟಾಸ್ಕ್ ಮ್ಯಾನೇಜರ್ ತೆರೆದೊಡನೆ ಫ್ಯಾನಿನ ಸದ್ದು ಇಳಿದು, ಮುಚ್ಚಿದೊಡನೆ ಮತ್ತೆ ಏರುತ್ತದೆ. ಈ ಕೊನೆಯ ಲಕ್ಷಣ ನಿಮ್ಮ ಕಂಪ್ಯೂಟರಿನಲ್ಲಿ ಗುಟ್ಟಾಗಿ ಕ್ರಿಪ್ಟೋ ನಾಣ್ಯ ಗಣಿಗಾರಿಕೆ ನಡೆಸುವ ಕುತಂತ್ರಾಂಶಕ್ಕೆ ವಿಶಿಷ್ಟವಾದದ್ದು. ಯಾರೋ ನೋಡುತ್ತಿದ್ದಾರೆಂದು ತಿಳಿದಾಗ ಅದು ಸುಮ್ಮನಾಗುವಂತೆ ಬರೆಯಲಾಗಿರುತ್ತದೆ.

ಕೈಹಾಕುವ ಮೊದಲಿನ ಸಿದ್ಧತೆ

ಸೋಂಕು ಖಚಿತವಾದರೆ ಮೊದಲು ಇಂಟರ್‌ನೆಟ್ ಸಂಪರ್ಕ ಕಡಿಯಿರಿ: ರೌಟರಿನಿಂದ ಬರುವ ಕೇಬಲನ್ನು ಕೀಳಿ, ವೈಫೈ ಆರಿಸಿ. ಕುತಂತ್ರಾಂಶ ನಿಮ್ಮ ಮಾಹಿತಿಯನ್ನು ಹೊರಗೆ ಕಳಿಸುವುದು, ಹೊಸ ಜೊತೆಗಾರರನ್ನು ಒಳಗೆ ಇಳಿಸಿಕೊಳ್ಳುವುದು ಎರಡೂ ಇದರಿಂದ ನಿಲ್ಲುತ್ತವೆ. ಆ ಕಂಪ್ಯೂಟರಿನಲ್ಲಿ ಯಾವ ಪಾಸ್‌ವರ್ಡನ್ನೂ ಟೈಪ್ ಮಾಡಬೇಡಿ, ಬದಲಾಯಿಸಲೂ ಬೇಡಿ. ಗಾಬರಿಯಲ್ಲಿ ಅಲ್ಲಿಯೇ ಪಾಸ್‌ವರ್ಡ್ ಬದಲಿಸಿದರೆ ಹೊಸದೂ ಕಳ್ಳನ ಕೈಗೇ ಸೇರುತ್ತದೆ.

ಬ್ಯಾಂಕ್ ಖಾತೆಯಿಂದ ಹಣ ಹೋಗಿದ್ದರೆ ಕಂಪ್ಯೂಟರಿನ ಕೆಲಸವನ್ನು ಅಲ್ಲಿಗೇ ಬಿಟ್ಟು, ಮೊಬೈಲಿನಿಂದ ಬ್ಯಾಂಕಿಗೆ ತಿಳಿಸಿ, 1930 ಎಂಬ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೆ ಕರೆ ಮಾಡಿ. ಹಣ ಇನ್ನೊಂದು ಖಾತೆಯಲ್ಲಿ ನಿಂತಿರುವಾಗಲೇ ತಡೆಹಿಡಿಯುವುದು ಸಾಧ್ಯ, ಆದ್ದರಿಂದ ಇಲ್ಲಿ ಗಂಟೆಗಳ ಲೆಕ್ಕ ಮುಖ್ಯವಾಗುತ್ತದೆ. ನಂತರದ ದೂರಿಗೆ ಚಿಕ್ಕಮಗಳೂರಿನಲ್ಲಾಗಲಿ ಹಾಸನದಲ್ಲಾಗಲಿ ಜಿಲ್ಲಾ ಕೇಂದ್ರದ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಬಹುದು. ಅಂಥ ಸಂದರ್ಭದಲ್ಲಿ ಕಂಪ್ಯೂಟರನ್ನು ಒರೆಸಿಹಾಕುವ ಮುನ್ನ ಪೊಲೀಸರನ್ನು ಕೇಳಿಕೊಳ್ಳಿ, ಏಕೆಂದರೆ ಅದರಲ್ಲಿ ಸಾಕ್ಷ್ಯವಿರುತ್ತದೆ.

ನಮ್ಮ ಮಲೆನಾಡಿನವರು ಮರೆಯಬಾರದ ಸಿದ್ಧತೆ ಕರೆಂಟಿನದು. ಆಷಾಢದ ಮಳೆಯಲ್ಲಿ ಒಂದು ಕೊಂಬೆ ತಂತಿಯ ಮೇಲೆ ಬಿದ್ದರೆ ಎರಡು ದಿನ ಕತ್ತಲೆಯಾಗುವ ಊರುಗಳು ನಮ್ಮವು. ವಿಂಡೋಸ್ ಮರುಸ್ಥಾಪನೆ ಅರ್ಧಕ್ಕೆ ನಿಂತರೆ ಕಂಪ್ಯೂಟರ್ ಏಳದೆಯೇ ಹೋಗಬಹುದು. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ, ಮೇಜಿನ ಕಂಪ್ಯೂಟರಾದರೆ ಯುಪಿಎಸ್ ಅರ್ಧ ಗಂಟೆಯಾದರೂ ತಡೆಯುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ. ಇನ್ನೊಂದು ಶುದ್ಧ ಕಂಪ್ಯೂಟರ್ ಹತ್ತಿರವಿರಬೇಕು; ನೆಂಟರದೋ ನೆರೆಯವರದೋ ಆದೀತು. ಜೊತೆಗೆ ಖಾಲಿ ಮಾಡಬಹುದಾದ, 8 ಜಿಬಿಗೆ ಕಡಿಮೆಯಿಲ್ಲದ ಒಂದು ಪೆನ್‌ಡ್ರೈವ್ ಬೇಕು.

ಈಗ ಕಡತಗಳ ಪ್ರತಿ. ಫೋಟೋ, ಲೆಕ್ಕದ ಹಾಳೆ, ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶದಲ್ಲಿ ಬರೆದಿಟ್ಟ ಹಳೆಯ ಪತ್ರ, ಪಹಣಿ ಮತ್ತು ಕ್ರಯಪತ್ರಗಳ ಸ್ಕ್ಯಾನ್ ಇವನ್ನಷ್ಟೇ ನಕಲು ಮಾಡಿ. ಇನ್‌ಸ್ಟಾಲ್ ಮಾಡುವ ಕಡತಗಳನ್ನು, ಶಾರ್ಟ್‌ಕಟ್‌ಗಳನ್ನು, ಜಿಪ್ ಕಟ್ಟುಗಳನ್ನು ತೆಗೆದುಕೊಳ್ಳಬೇಡಿ. ಅವುಗಳ ಜೊತೆಯಲ್ಲೇ ಸೋಂಕೂ ಹೊರಟುಬರುತ್ತದೆ. ಸುರಕ್ಷಿತವಾದ ದಾರಿಯೆಂದರೆ, ಶುದ್ಧ ಕಂಪ್ಯೂಟರಿನಲ್ಲಿ, ವಿಂಡೋಸಿನ ಬದಲಿಗೆ ಕಂಪ್ಯೂಟರನ್ನು ನಡೆಸಬಲ್ಲ ಉಚಿತ ಲಿನಕ್ಸ್ ವ್ಯವಸ್ಥೆಗಳಾದ ಲಿನಕ್ಸ್ ಮಿಂಟ್ ಅಥವಾ ಉಬುಂಟುವನ್ನು ಪೆನ್‌ಡ್ರೈವಿಗೆ ಬರೆದು, ಸೋಂಕಿತ ಕಂಪ್ಯೂಟರನ್ನು ಅದರಿಂದಲೇ ಎಬ್ಬಿಸಿ, ಅಲ್ಲಿಂದ ಕಡತಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸುವುದು. ವಿಂಡೋಸ್ ಎದ್ದೇ ಇಲ್ಲದಿರುವಾಗ ವಿಂಡೋಸಿಗೆಂದು ಬರೆದ ಕುತಂತ್ರಾಂಶವೂ ಎಚ್ಚರಗೊಳ್ಳುವುದಿಲ್ಲ. ಡಿಸ್ಕ್ ವಿಂಡೋಸಿನ ಬಿಟ್‌ಲಾಕರ್ ಎಂಬ ವ್ಯವಸ್ಥೆಯಿಂದ ಬೀಗ ಹಾಕಿಕೊಂಡಿದ್ದರೆ ಲಿನಕ್ಸ್ ಅದರ 48 ಅಂಕಿಯ ಕೀಲಿಯನ್ನು ಕೇಳುತ್ತದೆ. ಮುಂದೆ ಸೇಫ್ ಮೋಡ್‌ಗೆ (ತೀರ ಅಗತ್ಯವಾದ ಭಾಗಗಳಷ್ಟರಿಂದಲೇ ವಿಂಡೋಸ್ ಏಳುವ ಸ್ಥಿತಿಗೆ) ಹೋಗುವಾಗಲೂ ಅದನ್ನೇ ಕೇಳಬಹುದು. ಸಾಮಾನ್ಯವಾಗಿ ಆ ಕೀಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಮೊಬೈಲಿನಿಂದ ಆ ಖಾತೆಗೆ ಹೋಗಿ, ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದುವರಿಯಿರಿ.

ಹೊರಗಿನಿಂದ ಪರೀಕ್ಷೆ

ಪರೀಕ್ಷೆಗೆ ಮೊದಲು ನೋಡಬೇಕಾದದ್ದು, ಯಾವುದನ್ನು ಪರೀಕ್ಷಿಸಬೇಡವೆಂದು ಆ್ಯಂಟಿವೈರಸ್‌ಗೆ ಹೇಳಿಟ್ಟ ಆ ಹೊರತುಪಡಿಕೆಯ ಪಟ್ಟಿ. ಮೂಡಿಗೆರೆಯ ಮನೆಯಲ್ಲಿ ನಾನು ಇದನ್ನು ಮೊದಲ ದಿನವೇ ನೋಡಿದ್ದರೆ ಉಳಿದ ಎರಡು ಪ್ರಯಾಣ ಬೇಕಾಗುತ್ತಿರಲಿಲ್ಲ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್‌ಗೆ ಹೋಗಿ, ಅಲ್ಲಿ ಮ್ಯಾನೇಜ್ ಸೆಟ್ಟಿಂಗ್ಸ್ ಒತ್ತಿ, ತುಸು ಕೆಳಗೆ ಇಳಿದರೆ ಎಕ್ಸ್‌ಕ್ಲೂಷನ್ಸ್ ಸಿಗುತ್ತದೆ. ಮನೆಬಳಕೆಯ ಕಂಪ್ಯೂಟರಿನಲ್ಲಿ ಈ ಪಟ್ಟಿ ಖಾಲಿಯಿರಬೇಕು. ಏನಿದ್ದರೂ ಬರೆದಿಟ್ಟುಕೊಂಡು ತೆಗೆಯಿರಿ, ಏಕೆಂದರೆ ಕುತಂತ್ರಾಂಶ ತಾನೇ ಅಲ್ಲಿ ಸೇರಿಸಿದ ಫೋಲ್ಡರಿನ ಹೆಸರು ಅದು ಅಡಗಿರುವ ಜಾಗದ ವಿಳಾಸವೂ ಹೌದು. ಅದೇ ಪುಟದಲ್ಲಿ, ಆ್ಯಂಟಿವೈರಸ್‌ನ ಸೆಟ್ಟಿಂಗುಗಳನ್ನು ಬೇರೆ ತಂತ್ರಾಂಶಗಳು ಬದಲಿಸದಂತೆ ಕಾಯುವ ಟ್ಯಾಂಪರ್ ಪ್ರೊಟೆಕ್ಷನ್ ಆರಿದ್ದರೆ ಹಚ್ಚಿ.

ಬಳಿಕ ಒಮ್ಮೆ ಇಂಟರ್‌ನೆಟ್ ಜೋಡಿಸಿ, ವಿಂಡೋಸಿನ ಸ್ವಂತ ಆ್ಯಂಟಿವೈರಸ್ ಆದ ಡಿಫೆಂಡರಿನ ಹೊಸ ವೈರಸ್ ಪಟ್ಟಿಯನ್ನು ಇಳಿಸಿಕೊಂಡು, ಮತ್ತೆ ಸಂಪರ್ಕ ಕಡಿಯಿರಿ. ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಎಂಬುದನ್ನು ಆರಿಸಿ. ಕಂಪ್ಯೂಟರ್ ಮರಳಿ ಆರಂಭವಾಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಸುಮಾರು 15 ನಿಮಿಷ ಪರೀಕ್ಷೆ ನಡೆಯುತ್ತದೆ. ಹಠಮಾರಿ ಕುತಂತ್ರಾಂಶಕ್ಕೆ ಇದು ಏಕೆ ಬೇಕೆಂದರೆ, ಕೆಲಸ ಮಾಡುತ್ತಿರುವ ಕುತಂತ್ರಾಂಶ ತನ್ನ ಕಡತಗಳನ್ನು ಪರೀಕ್ಷಕನ ಕಣ್ಣಿನಿಂದ ಮರೆಮಾಡಬಲ್ಲದು, ಅಳಿಸಿದರೆ ನೆನಪಿನಿಂದ ಮತ್ತೆ ಬರೆಯಬಲ್ಲದು. ಅದು ಮಲಗಿರುವಾಗಲೇ ಹೋದರೆ ಈ ಎರಡೂ ಶಕ್ತಿ ಅದಕ್ಕಿರುವುದಿಲ್ಲ. ಫಲಿತಾಂಶವನ್ನು ನಂತರ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ನೋಡಿ, ಸಿಕ್ಕಿದ ಹೆಸರುಗಳನ್ನೂ ಜಾಗಗಳನ್ನೂ ಬರೆದಿಟ್ಟುಕೊಳ್ಳಿ.

ಒಬ್ಬ ವೈದ್ಯರ ಮಾತಿನ ಮೇಲೆ ನಿಲ್ಲದೆ ಇನ್ನೊಬ್ಬರನ್ನೂ ಕೇಳುವುದು ಇಲ್ಲಿ ಒಳ್ಳೆಯದು. ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಉಚಿತ. ಇಳಿಸಿಕೊಂಡ ಹತ್ತು ದಿನಕ್ಕೆ ಅದರ ಅವಧಿ ಮುಗಿಯುವುದರಿಂದ ಹಳೆಯ ಪ್ರತಿ ಬಳಸದೆ ಹೊಸದಾಗಿ ಇಳಿಸಿಕೊಳ್ಳಿ. ಮಾಲ್‌ವೇರ್‌ಬೈಟ್ಸ್, ಇಸೆಟ್ ಆನ್‌ಲೈನ್ ಸ್ಕ್ಯಾನರ್, ಜಾಹೀರಾತು ಹಾವಳಿಗೆ ಆ್ಯಡ್‌ಡಬ್ಲ್ಯುಕ್ಲೀನರ್ ಕೂಡ ಇವೆ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌-ಇನ್ 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿಯೂ ಉಚಿತ ಶುದ್ಧೀಕರಣ ಸಾಧನಗಳು ಸಿಗುತ್ತವೆ. ಯಾವುದನ್ನೇ ಆಗಲಿ ಆಯಾ ಸಂಸ್ಥೆಯ ಸ್ವಂತ ತಾಣದಿಂದಲೇ, ಶುದ್ಧ ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳಿ. ಎರಡು ಆ್ಯಂಟಿವೈರಸ್‌ಗಳನ್ನು ಕಾಯಂ ಆಗಿ ಒಟ್ಟಿಗೆ ಓಡಿಸಬೇಡಿ. ಒಂದು ಇನ್ನೊಂದರ ಕೆಲಸವನ್ನು ತಡೆಯುತ್ತದೆ. ಒಂದಾದ ಮೇಲೊಂದರಂತೆ ಒಮ್ಮೊಮ್ಮೆ ಪರೀಕ್ಷಿಸುವುದಕ್ಕೆ ಅಡ್ಡಿಯಿಲ್ಲ.

ಸಾಧನ ತೆರೆಯಲೇ ಬಿಡದಿದ್ದರೆ ಸೇಫ್ ಮೋಡ್‌ಗೆ ಹೋಗಬೇಕು. ಶಿಫ್ಟ್ ಕೀಲಿಯನ್ನು ಅದುಮಿ ಹಿಡಿದೇ ರೀಸ್ಟಾರ್ಟ್ ಒತ್ತಿ. ಬರುವ ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಎಂಬ ದಾರಿಯಲ್ಲಿ ಸಾಗಿ, ಪಟ್ಟಿ ಬಂದಾಗ 4 ಒತ್ತಿದರೆ ಬರಿಯ ಸೇಫ್ ಮೋಡ್, 5 ಒತ್ತಿದರೆ ಇಂಟರ್‌ನೆಟ್ ಸಹಿತವಾದದ್ದು. ಸಾಮಾನ್ಯವಾಗಿ ತಾನೇ ಏಳುವ ಹೊರಗಿನ ತಂತ್ರಾಂಶಗಳು ಇಲ್ಲಿ ಏಳುವುದಿಲ್ಲ, ಹೀಗಾಗಿ ನಿಮ್ಮ ಸಾಧನಕ್ಕೆ ಕೆಲಸ ಮಾಡಲು ಜಾಗ ಸಿಗುತ್ತದೆ.

ಮತ್ತೆ ಎಬ್ಬಿಸುವ ಬೇರು ಎಲ್ಲಿದೆ

ತಾಳ್ಮೆ ಬೇಕಾಗುವುದು ಇಲ್ಲಿ. ಕಂಪ್ಯೂಟರ್ ಪ್ರತಿ ಸಲ ಆರಂಭವಾದಾಗಲೂ ತಾನು ಏಳಬೇಕಾದರೆ ಕುತಂತ್ರಾಂಶ ವಿಂಡೋಸಿನ ಯಾವುದಾದರೂ ಒಂದು ಪಟ್ಟಿಯಲ್ಲಿ ತನ್ನ ಹೆಸರು ಬರೆಸಿರಲೇಬೇಕು. ಅಂಥ ಪಟ್ಟಿಗಳು ಹತ್ತಾರಿವೆ: ಸ್ಟಾರ್ಟಪ್ ಫೋಲ್ಡರ್, ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯ ರನ್ ಕೀಲಿಗಳು, ಸರ್ವಿಸ್‌ಗಳು, ಟಾಸ್ಕ್ ಶೆಡ್ಯೂಲರ್, ಡಬ್ಲ್ಯುಎಂಐ ಎಂಬ ಒಳ ವ್ಯವಸ್ಥೆ ಹೀಗೆ. ಇವೆಲ್ಲವನ್ನೂ ಒಂದೇ ಕಿಟಕಿಯಲ್ಲಿ ತೋರಿಸುವ ಆಟೋರನ್ಸ್ ಎಂಬ ಸಾಧನವನ್ನು ಮೈಕ್ರೋಸಾಫ್ಟ್ ತನ್ನ ಸಿಸ್‌ಇಂಟರ್ನಲ್ಸ್ ಸಂಗ್ರಹದಲ್ಲಿ ಉಚಿತವಾಗಿ ಕೊಡುತ್ತದೆ. ನನ್ನ ಅನುಭವದಲ್ಲಿ ಮನೆಯ ಕಂಪ್ಯೂಟರಿಗೆ ಇದಕ್ಕಿಂತ ಉಪಯುಕ್ತವಾದ ಸಾಧನ ಇನ್ನೊಂದಿಲ್ಲ.

ಆಟೋರನ್ಸನ್ನು ಬಲಗುಂಡಿ ಒತ್ತಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಆಪ್ಷನ್ಸ್‌ನಲ್ಲಿ ಮೈಕ್ರೋಸಾಫ್ಟ್‌ನ ನಮೂದುಗಳನ್ನು ಮರೆಮಾಡುವ ಗುರುತನ್ನು ಹಾಕಿದರೆ ನೂರಾರು ಸಾಲುಗಳು ಮಾಯವಾಗಿ, ನೋಡಬೇಕಾದವು ಕೆಲವೇ ಉಳಿಯುತ್ತವೆ. ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಡಿಜಿಟಲ್ ಸಹಿಗಳನ್ನು ಪರಿಶೀಲಿಸುವ ಆಯ್ಕೆಯನ್ನೂ, ಇಂಟರ್‌ನೆಟ್ ಜೋಡಿಸಿರುವಾಗ ಹಲವು ಆ್ಯಂಟಿವೈರಸ್‌ಗಳ ಅಭಿಪ್ರಾಯವನ್ನು ಒಟ್ಟಿಗೆ ತಿಳಿಸುವ ವೈರಸ್‌ಟೋಟಲ್ ತಾಣದ ಪರಿಶೀಲನೆಯನ್ನೂ ಹಚ್ಚಿ. ಗುಲಾಬಿ ಬಣ್ಣದ ಸಾಲೆಂದರೆ ಅದರ ಪ್ರಕಾಶಕರು ಯಾರೆಂದು ಖಚಿತವಾಗಿಲ್ಲ; ಹಳದಿ ಸಾಲೆಂದರೆ ಹೆಸರು ಉಳಿದಿದೆ, ಕಡತ ಇಲ್ಲ. ಗುಲಾಬಿಯಾದ ಮಾತ್ರಕ್ಕೆ ಅಪರಾಧಿಯಲ್ಲ, ಹಳೆಯ ಪ್ರಿಂಟರಿನ ತಂತ್ರಾಂಶವೂ ಹಾಗೆ ಕಾಣಬಹುದು. ಅನುಮಾನ ಬಲವಾಗುವುದು ಬೇರೆ ಗುರುತುಗಳಿಂದ. ಕಡತ ಇರುವ ಜಾಗ ಪ್ರೋಗ್ರಾಂ ಫೈಲ್ಸ್ ಆಗಿರದೆ ಆ್ಯಪ್‌ಡೇಟಾ, ಟೆಂಪ್ ಅಥವಾ ಪ್ರೋಗ್ರಾಂಡೇಟಾ ಫೋಲ್ಡರಿನೊಳಗಿದೆ. ಹೆಸರಿನಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲಿದೆ, ಅಥವಾ ವಿಂಡೋಸಿನದೇ ಹೆಸರು ಒಂದಕ್ಷರ ತಪ್ಪಾಗಿ ಇದೆ. ಎಸ್‌ವಿಸಿಹೋಸ್ಟ್ ಎಂಬ ಸರಿಯಾದ ಹೆಸರೇ ಇದ್ದರೂ ಅದು ಸಿಸ್ಟಮ್32 ಫೋಲ್ಡರಿನಲ್ಲಿಲ್ಲ. ಪವರ್‌ಶೆಲ್ ಅಥವಾ ಡಬ್ಲ್ಯುಸ್ಕ್ರಿಪ್ಟ್ ಎಂಬ ವಿಂಡೋಸಿನ ಸ್ವಂತ ಉಪಕರಣದ ಮುಂದೆ ಉದ್ದವಾದ, ಓದಲಾಗದ ಅಕ್ಷರಮಾಲೆಯನ್ನು ಕಟ್ಟಲಾಗಿದೆ. ಈ ಕೊನೆಯದಕ್ಕಾಗಿ ಒಂದು ಎಚ್ಚರಿಕೆ: ಅಂಥ ಸಾಲಿನಲ್ಲಿ ಓಡುತ್ತಿರುವುದು ಮೈಕ್ರೋಸಾಫ್ಟ್‌ನದೇ ಉಪಕರಣವಾದ್ದರಿಂದ ಮರೆಮಾಡಿದ ಪಟ್ಟಿಯಲ್ಲಿ ಅದೂ ತಪ್ಪಿಹೋಗಬಹುದು. ಶೆಡ್ಯೂಲ್ಡ್ ಟಾಸ್ಕ್ಸ್ ಎಂಬ ಭಾಗವನ್ನು ಮರೆಮಾಡದೆಯೂ ಒಮ್ಮೆ ನಿಧಾನವಾಗಿ ಓದಿ.

ಅನುಮಾನದ ಸಾಲನ್ನು ಅಳಿಸಬೇಡಿ, ಎಡಗಡೆಯ ಗುರುತನ್ನಷ್ಟೇ ತೆಗೆಯಿರಿ. ತಪ್ಪಾಗಿದ್ದರೆ ಮರಳಿ ಹಾಕಬಹುದು. ಕಂಪ್ಯೂಟರನ್ನು ಮತ್ತೆ ಆರಂಭಿಸಿ ನೋಡಿ, ಎಲ್ಲವೂ ಸರಿಯಾಗಿದ್ದರೆ ಆಮೇಲೆ ಅಳಿಸಬಹುದು. ಗುರುತು ತೆಗೆದ ಕೆಲವೇ ಕ್ಷಣಗಳಲ್ಲಿ ಅದೇ ಸಾಲು ಮತ್ತೆ ಹುಟ್ಟಿಕೊಂಡರೆ ಅದನ್ನು ಕಾಯುವ ಇನ್ನೊಂದು ಪ್ರಕ್ರಿಯೆ ಜೀವಂತವಾಗಿದೆ ಎಂದರ್ಥ. ಎರಡು ಪ್ರಕ್ರಿಯೆಗಳು ಒಂದನ್ನೊಂದು ಕಾಯುವುದುಂಟು: ಒಂದನ್ನು ಕೊಂದರೆ ಇನ್ನೊಂದು ಅದನ್ನು ತಕ್ಷಣ ಎಬ್ಬಿಸುತ್ತದೆ. ಇದಕ್ಕೆ ಅದೇ ಸಂಗ್ರಹದ ಪ್ರೊಸೆಸ್ ಎಕ್ಸ್‌ಪ್ಲೋರರ್ ಬಳಸಿ, ಎರಡನ್ನೂ ಮೊದಲು ಸಸ್ಪೆಂಡ್ ಮಾಡಿ. ಅಂದರೆ ಕೊಲ್ಲದೆ ಸ್ತಬ್ಧಗೊಳಿಸಿ. ಜೊತೆಗಾರ ಸತ್ತಿಲ್ಲವಾದ್ದರಿಂದ ಕಾವಲುಗಾರನಿಗೆ ಸುಳಿವು ಸಿಗುವುದಿಲ್ಲ. ಎರಡೂ ಸ್ತಬ್ಧವಾದ ಮೇಲೆ ಒಂದಾದ ಮೇಲೊಂದನ್ನು ಕೊಂದು, ಆಟೋರನ್ಸ್‌ನಲ್ಲಿ ಅವುಗಳ ಸಾಲು ತೆಗೆದು, ಕಡತಗಳನ್ನು ಅಳಿಸಿ.

ಇಂಟರ್‌ನೆಟ್ಟಿನ ದಾರಿಯನ್ನೂ ತಿರುಗಿಸಿಟ್ಟಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಪುಟ ತೆರೆದು, ನೀವು ಹಾಕದ ಪ್ರಾಕ್ಸಿ (ನಿಮ್ಮ ಸಂಪರ್ಕ ಹಾದುಹೋಗುವ ನಡುವಿನ ಕಂಪ್ಯೂಟರ್) ವಿಳಾಸವಿದ್ದರೆ ಅದನ್ನು ನಿಲ್ಲಿಸಿ. ಸಿಸ್ಟಮ್32ರೊಳಗೆ ಡ್ರೈವರ್ಸ್, ಅದರೊಳಗೆ ಈಟೀಸಿ (etc) ಎಂಬ ಫೋಲ್ಡರಿನಲ್ಲಿರುವ ಹೋಸ್ಟ್ಸ್ (hosts) ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ, ಮಾಮೂಲಿ ಸ್ಥಿತಿಯಲ್ಲಿ ಎಲ್ಲ ಸಾಲುಗಳೂ ಹ್ಯಾಶ್ ಗುರುತಿನಿಂದಲೇ ಆರಂಭವಾಗುತ್ತವೆ. ಆ ಗುರುತಿಲ್ಲದೆ ಆ್ಯಂಟಿವೈರಸ್ ಕಂಪನಿಗಳ ಅಥವಾ ಬ್ಯಾಂಕುಗಳ ಹೆಸರಿರುವ ಸಾಲುಗಳಿದ್ದರೆ ತೆಗೆಯಬೇಕು. ಮನೆಯ ಮೊಬೈಲುಗಳಲ್ಲೂ ಅದೇ ವಿಚಿತ್ರ ಪುಟಗಳು ಬರುತ್ತಿದ್ದರೆ ತೊಂದರೆ ರೌಟರಿನಲ್ಲಿರಬಹುದು. ಅದನ್ನು ರೀಸೆಟ್ ಮಾಡಿಸಿ, ಅಡ್ಮಿನ್ ಪಾಸ್‌ವರ್ಡನ್ನು ಬದಲಿಸಿ. ರೀಸೆಟ್ ಮಾಡಿದರೆ ಫೈಬರ್ ಸಂಪರ್ಕದ ವಿವರಗಳೂ ಅಳಿಯುತ್ತವೆ, ಆದ್ದರಿಂದ ಸಂಪರ್ಕ ಕೊಟ್ಟವರಿಂದ ಅವನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಬ್ರೌಸರ್

ಬ್ರೌಸರಿನ ಸೋಂಕು ಮರಳಿ ಬರುವುದಕ್ಕೆ ಅನೇಕ ಸಲ ಸಿಂಕ್ ಕಾರಣ, ಅಂದರೆ ಬ್ರೌಸರಿನ ಸೆಟ್ಟಿಂಗುಗಳನ್ನು ನಿಮ್ಮ ಖಾತೆಯ ಮೂಲಕ ಎಲ್ಲ ಸಾಧನಗಳಲ್ಲೂ ಒಂದೇ ರೀತಿ ಇಡುವ ಏರ್ಪಾಡು. ಕಂಪ್ಯೂಟರಿನಲ್ಲಿ ಕೆಟ್ಟ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸುವ ಕಿರು ತಂತ್ರಾಂಶ) ತೆಗೆದರೂ, ಖಾತೆಯಲ್ಲಿ ಉಳಿದಿರುವ ಪ್ರತಿ ಮತ್ತೆ ಇಳಿದುಬರುತ್ತದೆ. ಆದ್ದರಿಂದ ಸಿಂಕ್ ನಿಲ್ಲಿಸಿ, ಎಕ್ಸ್‌ಟೆನ್ಶನ್‌ಗಳನ್ನೆಲ್ಲ ತೆಗೆದು, ರೀಸೆಟ್ ಸೆಟ್ಟಿಂಗ್ಸ್ ಒತ್ತಿ, ಅದೇ ಖಾತೆಯಿರುವ ಇತರ ಕಂಪ್ಯೂಟರುಗಳಲ್ಲೂ ಹಾಗೆಯೇ ಮಾಡಿದ ಮೇಲಷ್ಟೇ ಸಿಂಕ್ ಹಚ್ಚಬೇಕು. ಮನೆಯ ಕಂಪ್ಯೂಟರಿನ ಕ್ರೋಮ್ ಮೆನುವಿನಲ್ಲಿ ‘ನಿಮ್ಮ ಸಂಸ್ಥೆಯು ನಿರ್ವಹಿಸುತ್ತಿದೆ’ ಎಂಬರ್ಥದ ಸಾಲು ಕಂಡರೆ ಎಚ್ಚರವಹಿಸಿ. ಕೆಲವು ಆ್ಯಂಟಿವೈರಸ್‌ಗಳಿಂದಲೂ ಅದು ಬರುವುದುಂಟು, ಆದರೆ ನಿಮಗೆ ತಿಳಿಯದ ಎಕ್ಸ್‌ಟೆನ್ಶನ್ನಿನ ತೆಗೆಯುವ ಗುಂಡಿ ಕೆಲಸ ಮಾಡದಿದ್ದರೆ ಕುತಂತ್ರಾಂಶವೇ ರಿಜಿಸ್ಟ್ರಿಯ ಪಾಲಿಸೀಸ್ ಭಾಗದಲ್ಲಿ ಆ ನಿಯಮ ಬರೆದಿದೆ. ರಿಜಿಸ್ಟ್ರಿಯ ಪ್ರತಿಯೊಂದನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು ಆ ನಮೂದನ್ನು ತೆಗೆಯಬೇಕು. ಮೇಜಿನ ಪರದೆಯ ಮೇಲಿರುವ ಬ್ರೌಸರಿನ ಶಾರ್ಟ್‌ಕಟ್‌ನ ಪ್ರಾಪರ್ಟೀಸ್ ತೆರೆದು, ಟಾರ್ಗೆಟ್ ಸಾಲಿನ ಕೊನೆಯಲ್ಲಿ ಯಾವುದಾದರೂ ತಾಣದ ವಿಳಾಸ ಅಂಟಿಕೊಂಡಿದೆಯೇ ಎಂದೂ ನೋಡಿ.

ಪೆನ್‌ಡ್ರೈವ್

ಶಾರ್ಟ್‌ಕಟ್ ವೈರಸ್ ಎಂದು ಜನ ಕರೆಯುವ ಸೋಂಕು ನಮ್ಮ ಊರುಗಳಲ್ಲಿ ಇಂದಿಗೂ ಜೀವಂತವಾಗಿರುವುದು ಮುದ್ರಣಕ್ಕಾಗಿ ಕೈಯಿಂದ ಕೈಗೆ ಹೋಗುವ ಪೆನ್‌ಡ್ರೈವುಗಳಿಂದ. ಅದು ನಿಮ್ಮ ಫೋಲ್ಡರುಗಳನ್ನು ಅಳಿಸುವುದಿಲ್ಲ, ಅವನ್ನು ಅಡಗಿಸಿ ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಇಡುತ್ತದೆ. ನೀವು ಚೆಕ್‌ರೋಲ್ ಎಂದು ತಿಳಿದು ಎರಡು ಸಲ ಒತ್ತಿದಾಗ ಮೊದಲು ಓಡುವುದು ಕುತಂತ್ರಾಂಶ, ನಂತರ ತೆರೆಯುವುದು ಫೋಲ್ಡರ್. ಕಡತ ತೆರೆದುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಕಂಪ್ಯೂಟರ್ ಶುದ್ಧವಾದ ಮೇಲೆ ಪೆನ್‌ಡ್ರೈವ್ ಚುಚ್ಚಿ, ಏನನ್ನೂ ತೆರೆಯದೆ, ಅದರ ಮೇಲೆ ಬಲಗುಂಡಿ ಒತ್ತಿ ಡಿಫೆಂಡರಿನಿಂದ ಪರೀಕ್ಷಿಸಿ. ಫೈಲ್ ಎಕ್ಸ್‌ಪ್ಲೋರರಿನ ಫೋಲ್ಡರ್ ಆಪ್ಷನ್ಸ್‌ನಲ್ಲಿ ಅಡಗಿದ ಕಡತಗಳನ್ನು ತೋರಿಸು ಎಂದು ಹೇಳಿ, ಸಂರಕ್ಷಿತ ಸಿಸ್ಟಮ್ ಕಡತಗಳನ್ನು ಮರೆಮಾಡುವ ಗುರುತನ್ನೂ, ಗೊತ್ತಿರುವ ಕಡತಗಳ ವಿಸ್ತರಣೆಯನ್ನು ಮರೆಮಾಡುವ ಗುರುತನ್ನೂ ತೆಗೆಯಿರಿ. ಈಗ ಮಸುಕಾಗಿ ಕಾಣುವ ಫೋಲ್ಡರುಗಳೇ ನಿಮ್ಮವು; ಕೆಲವೊಮ್ಮೆ ಅವೆಲ್ಲವೂ ಹೆಸರೇ ಇಲ್ಲದ ಒಂದು ಫೋಲ್ಡರಿನೊಳಗಿರುತ್ತವೆ. ಅವುಗಳಿಂದ ದಾಖಲೆ ಮತ್ತು ಚಿತ್ರಗಳನ್ನಷ್ಟೇ ಕಂಪ್ಯೂಟರಿಗೆ ಸಾಗಿಸಿ, ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ. ವಿಸ್ತರಣೆ ಕಾಣುವಂತೆ ಮಾಡಿದ್ದನ್ನು ಹಾಗೆಯೇ ಬಿಡಿ. ಹೆಸರಿನಲ್ಲಿ ಪಿಡಿಎಫ್ ಎಂದಿದ್ದು ಕೊನೆಯಲ್ಲಿ ಇಎಕ್ಸ್‌ಇ ಎಂದಿರುವ ಕಡತ ಆಗ ಕಣ್ಣಿಗೆ ಬೀಳುತ್ತದೆ.

ಕಡತಗಳಿಗೇ ಬೀಗ ಬಿದ್ದಿದ್ದರೆ

ಎಲ್ಲ ಫೋಟೋ, ದಾಖಲೆಗಳ ಹೆಸರಿನ ಕೊನೆಗೆ ವಿಚಿತ್ರ ಅಕ್ಷರಗಳು ಸೇರಿ, ಹಣ ಕೇಳುವ ಓಲೆ ಪ್ರತಿ ಫೋಲ್ಡರಿನಲ್ಲೂ ಬಿದ್ದಿದ್ದರೆ ಅದು ರ‍್ಯಾನ್ಸಮ್‌ವೇರ್. ಕುತಂತ್ರಾಂಶವನ್ನು ತೆಗೆದರೂ ಕಡತಗಳ ಬೀಗ ತೆರೆಯುವುದಿಲ್ಲ. ಹಣ ಕೊಡಬೇಡಿ, ಕೊಟ್ಟರೆ ಕೀಲಿ ಸಿಗುತ್ತದೆಂಬ ಖಾತರಿಯಿಲ್ಲ. ಓಲೆಯನ್ನೂ ಬೀಗ ಬಿದ್ದ ಕಡತಗಳನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟು, ನೆದರ್‌ಲ್ಯಾಂಡ್ಸ್ ಪೊಲೀಸರು, ಯುರೋಪೋಲ್ ಮತ್ತು ಎರಡು ಭದ್ರತಾ ಕಂಪನಿಗಳು 2016ರಲ್ಲಿ ಆರಂಭಿಸಿದ ನೋ ಮೋರ್ ರ‍್ಯಾನ್ಸಮ್ ತಾಣದಲ್ಲಿ ನಿಮ್ಮ ಬಗೆಗೆ ಉಚಿತ ಕೀಲಿ ಇದೆಯೇ ಎಂದು ನೋಡಿ. ಕ್ರ್ಯಾಕ್ ತಂತ್ರಾಂಶಗಳ ಮೂಲಕ ಮನೆಗಳಿಗೆ ಹರಡಿದ ಸ್ಟಾಪ್ ಎಂಬ ಬಗೆಯ ಹಳೆಯ ರೂಪಗಳಿಗೆ 2019ರಲ್ಲಿ ಬಿಡಿಸುವ ಸಾಧನ ಬಂತು. ಇಂದು ಕೀಲಿ ಇಲ್ಲದಿದ್ದರೂ ಮುಂದೆ ಬರಬಹುದು, ಆದ್ದರಿಂದ ಬೀಗ ಬಿದ್ದ ಪ್ರತಿಯನ್ನು ಎಸೆಯಬೇಡಿ.

ಯಾವಾಗ ಪೂರ್ತಿ ಕಿತ್ತು ಹೊಸದಾಗಿ ಹಾಕಬೇಕು

ಅರೇಬಿಕಾ ತೋಟದಲ್ಲಿ ಬಿಳಿ ಕಾಂಡಕೊರಕ ಹೊಕ್ಕ ಗಿಡಕ್ಕೆ ಹೊರಗಿನಿಂದ ಔಷಧಿ ಹೊಡೆಯುತ್ತ ಕೂರುವುದಿಲ್ಲ. ಹುಳು ಕಾಂಡದ ಒಳಗಿದೆ, ಗಿಡವನ್ನು ಗುರುತಿಸಿ, ಕಿತ್ತು ಸುಡುತ್ತಾರೆ. ಕಂಪ್ಯೂಟರಿನಲ್ಲಿಯೂ ಆ ನಿರ್ಧಾರದ ಹೊತ್ತೊಂದು ಬರುತ್ತದೆ. ಆಫ್‌ಲೈನ್ ಪರೀಕ್ಷೆಯ ನಂತರವೂ ಅದೇ ಹೆಸರು ಎರಡನೆಯ ಸಲ ಮರಳಿದರೆ, ಪರೀಕ್ಷಕ ಸಾಧನಗಳು ವಿಂಡೋಸಿನ ಆಳದಲ್ಲಿ ಅಡಗಿ ಕೂರುವ ರೂಟ್‌ಕಿಟ್ ಎಂಬ ಬಗೆಯನ್ನು ಹೆಸರಿಸಿದರೆ, ಅಪರಿಚಿತರು ದೂರದಿಂದ ಕಂಪ್ಯೂಟರನ್ನು ನಡೆಸಿದ್ದರೆ, ಅಥವಾ ಆ ಕಂಪ್ಯೂಟರಿನಿಂದ ನೀವು ಬ್ಯಾಂಕ್ ವ್ಯವಹಾರ ಮಾಡುತ್ತೀರಾದರೆ, ನಾನು ಇನ್ನು ಹುಡುಕುತ್ತ ಕೂರುವುದಿಲ್ಲ, ಹೊಸದಾಗಿ ಹಾಕುತ್ತೇನೆ. ಅರ್ಧ ದಿನ ಹಿಡಿಯುವ ಕೆಲಸವದು, ಆದರೆ ಮನಸ್ಸಿನಲ್ಲಿ ಅನುಮಾನ ಉಳಿಯುವುದಿಲ್ಲ.

ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲಿರುವ ರೀಸೆಟ್ ದಿಸ್ ಪಿಸಿ ಒಂದು ದಾರಿ. ಅದರಲ್ಲಿ ಎಲ್ಲವನ್ನೂ ತೆಗೆಯುವ ಆಯ್ಕೆಯನ್ನೂ ಕ್ಲೌಡ್ ಡೌನ್‌ಲೋಡನ್ನೂ ಆರಿಸಿದರೆ ಹೊಸ ವಿಂಡೋಸ್ ಇಳಿದುಬರುತ್ತದೆ, ಆದರೆ 4 ಜಿಬಿಗಿಂತ ಹೆಚ್ಚು ಡೇಟಾ ಹಿಡಿಯಬಹುದು. ತೋಟದ ಮನೆಗಳ ನಿಧಾನ ಸಂಪರ್ಕಕ್ಕೆ ಎರಡನೆಯ ದಾರಿ ಅನುಕೂಲ, ಅದೇ ಹೆಚ್ಚು ಶುದ್ಧವಾದದ್ದೂ ಹೌದು: ಪೇಟೆಯಲ್ಲಿರುವ ನೆಂಟರ ಮನೆಯ ಶುದ್ಧ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್ ಬಳಸಿ, 8 ಜಿಬಿ ಪೆನ್‌ಡ್ರೈವಿನಲ್ಲಿ ವಿಂಡೋಸ್ ತಯಾರಿಸಿಕೊಂಡು ಬನ್ನಿ. ಅದರಿಂದ ಕಂಪ್ಯೂಟರನ್ನು ಎಬ್ಬಿಸಿ, ಕಸ್ಟಮ್ ಎಂಬುದನ್ನು ಆರಿಸಿ, ಆ ಡಿಸ್ಕಿನ ವಿಭಾಗಗಳನ್ನೆಲ್ಲ ಅಳಿಸಿ, ಖಾಲಿ ಜಾಗದಲ್ಲಿ ಹಾಕಿ. ಡಿ ಡ್ರೈವ್ ಎಂದು ಕರೆಯುವುದೂ ಅದೇ ಡಿಸ್ಕಿನ ವಿಭಾಗವಾಗಿರಬಹುದು, ಅದರಲ್ಲಿರುವುದರ ಪ್ರತಿ ಹೊರಗೆ ಬಂದಿದೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳಿ. ಪ್ರಾಡಕ್ಟ್ ಕೀ ಕೇಳಿದಾಗ ನನ್ನ ಬಳಿ ಇಲ್ಲ ಎಂದರೂ ಸಾಕು. ಮೊದಲಿನದು ಅಸಲಿ ವಿಂಡೋಸ್ ಆಗಿದ್ದು, ಅದೇ ಆವೃತ್ತಿಯನ್ನು ಆರಿಸಿದರೆ ಇಂಟರ್‌ನೆಟ್ ಸಿಕ್ಕೊಡನೆ ಪರವಾನಗಿ ತಾನಾಗಿ ಹೊಂದಿಕೊಳ್ಳುತ್ತದೆ. ಡಿಸ್ಕ್ ಒರೆಸಿದರೂ ಉಳಿಯುವ, ತಾಯಿಫಲಕದ ಚಿಪ್ಪಿನಲ್ಲಿ ಅಡಗುವ ಲೋಜಾಕ್ಸ್‌ನಂಥ ಕುತಂತ್ರಾಂಶವನ್ನು 2018ರಲ್ಲಿ ಇಸೆಟ್ ಸಂಸ್ಥೆ ಪತ್ತೆ ಮಾಡಿದ್ದುಂಟು, ಆದರೆ ಅದು ಸರ್ಕಾರಿ ಸಂಸ್ಥೆಗಳ ಮೇಲೆ ಗುರಿಯಿಟ್ಟದ್ದು; ಮನೆಯವರು ಅದಕ್ಕೆ ನಿದ್ದೆಗೆಡಬೇಕಾಗಿಲ್ಲ.

ಹೊಸ ವಿಂಡೋಸ್ ಎದ್ದ ಮೇಲೆ ಮೊದಲು ಅಪ್‌ಡೇಟ್ ಮುಗಿಸಿ, ನಂತರವೇ ಹಳೆಯ ಕಡತಗಳನ್ನು ಪರೀಕ್ಷಿಸಿ ಒಳಗೆ ತನ್ನಿ. ಕ್ರ್ಯಾಕ್ ಮಾಡಿದ ಆಫೀಸ್ ಅಥವಾ ಲೆಕ್ಕದ ತಂತ್ರಾಂಶವನ್ನು ಮತ್ತೆ ಹಾಕಿದರೆ ಇಷ್ಟು ಹೊತ್ತಿನ ಶ್ರಮ ಅಲ್ಲಿಗೇ ವ್ಯರ್ಥವಾಗುತ್ತದೆ. ಮನೆಯ ಪತ್ರ, ಲೆಕ್ಕಕ್ಕೆ ಉಚಿತವಾದ ಲಿಬ್ರೆಆಫೀಸ್ ಸಾಕಾಗುತ್ತದೆ, ಅದರಲ್ಲಿ ಯುನಿಕೋಡ್ ಕನ್ನಡವೂ ಸರಿಯಾಗಿ ನಡೆಯುತ್ತದೆ. ಹೊಸದಾಗಿ ಹಾಕದೆ ಶುಚಿಗೊಳಿಸಿಯೇ ಉಳಿಸಿಕೊಂಡಿದ್ದರೆ, ಹಳೆಯ ರಿಸ್ಟೋರ್ ಪಾಯಿಂಟ್‌ಗಳನ್ನು ಸಿಸ್ಟಮ್ ಪ್ರೊಟೆಕ್ಷನ್‌ನಲ್ಲಿ ಅಳಿಸಿ ಹೊಸದೊಂದನ್ನು ಮಾಡಿ; ಹಳೆಯವುಗಳಲ್ಲಿ ಸೋಂಕಿತ ಕಡತಗಳೂ ಉಳಿದಿರುತ್ತವೆ.

ಪಾಸ್‌ವರ್ಡ್‌ಗಳು, ಮತ್ತು ನಂತರದ ಎರಡು ವಾರ

ಈಗ, ಶುದ್ಧ ಸಾಧನದಿಂದ, ಪಾಸ್‌ವರ್ಡ್ ಬದಲಿಸಿ. ಇಮೇಲ್ ಮೊದಲು, ಏಕೆಂದರೆ ಉಳಿದೆಲ್ಲ ಖಾತೆಗಳ ಬೀಗ ಅದರ ಮೂಲಕವೇ ತೆರೆಯುತ್ತದೆ. ಬಳಿಕ ಬ್ಯಾಂಕ್, ಬಳಿಕ ಉಳಿದವು. ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು. ಮಾಹಿತಿ ಕದಿಯುವ ಕುತಂತ್ರಾಂಶಗಳು ಬ್ರೌಸರಿನಲ್ಲಿ ಉಳಿದಿರುವ ಕುಕಿಗಳನ್ನೇ ಹೊತ್ತೊಯ್ಯುತ್ತವೆ; ಒಮ್ಮೆ ಲಾಗಿನ್ ಆದ ಗುರುತು ಅವುಗಳಲ್ಲಿರುವುದರಿಂದ ಕಳ್ಳನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಅದಕ್ಕಾಗಿ ಪ್ರತಿ ಖಾತೆಯ ಭದ್ರತಾ ಪುಟಕ್ಕೆ ಹೋಗಿ ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಆಗಿ, ಎರಡು ಹಂತದ ಪರಿಶೀಲನೆಯನ್ನು ಹಚ್ಚಿ. ಜಿಮೇಲ್‌ನಲ್ಲಿ ನಿಮಗೆ ತಿಳಿಯದ ಫಾರ್ವರ್ಡ್ ವಿಳಾಸ ಅಥವಾ ಫಿಲ್ಟರ್ ಇದೆಯೇ ಎಂದು ನೋಡಿ. ವಾಟ್ಸ್‌ಆ್ಯಪನ್ನು ಕಂಪ್ಯೂಟರಿನಲ್ಲಿ ಬಳಸುತ್ತಿದ್ದರೆ ಮೊಬೈಲಿನ ಲಿಂಕ್ಡ್ ಡಿವೈಸಸ್ ಪಟ್ಟಿಯಿಂದ ಅದನ್ನು ತೆಗೆದು ಮತ್ತೆ ಜೋಡಿಸಿ.

ಎರಡು ವಾರಗಳ ಕಾಲ ಮೂರು ದಿನಕ್ಕೊಮ್ಮೆ ಪ್ರೊಟೆಕ್ಷನ್ ಹಿಸ್ಟರಿ, ಎಕ್ಸ್‌ಕ್ಲೂಷನ್ಸ್ ಪಟ್ಟಿ ಮತ್ತು ಆಟೋರನ್ಸ್ ಈ ಮೂರನ್ನೂ ನೋಡುತ್ತಿರಿ. ಶುದ್ಧವಾದ ದಿನವೇ ಆಟೋರನ್ಸ್‌ನ ಪಟ್ಟಿಯನ್ನು ಕಡತವಾಗಿ ಉಳಿಸಿಟ್ಟುಕೊಂಡರೆ, ಮುಂದೆ ಅದರಲ್ಲಿರುವ ಹೋಲಿಕೆಯ ಆಯ್ಕೆಯಿಂದ ಹೊಸದಾಗಿ ಸೇರಿದ ಸಾಲುಗಳು ಎದ್ದು ಕಾಣುತ್ತವೆ. ದಿನನಿತ್ಯದ ಬಳಕೆಗೆ ಅಡ್ಮಿನಿಸ್ಟ್ರೇಟರ್ ಅಲ್ಲದ ಸಾಮಾನ್ಯ ಖಾತೆಯೊಂದನ್ನು ಮಾಡಿ, ಮಕ್ಕಳು ಮತ್ತು ರೈಟರು ಅದನ್ನೇ ಬಳಸುವಂತೆ ಏರ್ಪಾಡು ಮಾಡಿ.

ಮೂಡಿಗೆರೆಯ ಆ ಮನೆಯಲ್ಲಿ ಈಗ ಮುದ್ರಣಕ್ಕೆಂದೇ ಕೆಂಪು ದಾರ ಕಟ್ಟಿದ ಒಂದು ಪೆನ್‌ಡ್ರೈವ್ ಇದೆ. ಶನಿವಾರ ಅದರಲ್ಲಿ ಚೆಕ್‌ರೋಲಿನ ಪಿಡಿಎಫ್ ಒಂದೇ ಪೇಟೆಗೆ ಹೋಗುತ್ತದೆ, ಮೂಲ ಕಡತ ಮನೆಯಲ್ಲೇ ಉಳಿಯುತ್ತದೆ. ಪೇಟೆಯಿಂದ ಮರಳಿದ ಪೆನ್‌ಡ್ರೈವಿನಲ್ಲಿ ಏನಿದೆಯೆಂದು ಯಾರೂ ತೆರೆದು ನೋಡುವುದಿಲ್ಲ, ಚುಚ್ಚಿದೊಡನೆ ಫಾರ್ಮ್ಯಾಟ್ ಮಾಡಿ ಡ್ರಾಯರಿಗೆ ಹಾಕುತ್ತಾರೆ.